ನುಂಗುವುದೆಂಬ ಕಸುಬು

ಹಾಸನ, ಮಂಡ್ಯ, ತುಮಕೂರು, ಕೋಲಾರದ ಕಡೆಯ ಮನೆಗೆ ಮುದ್ದೆ ಕಂಡರಿಯದ ನೆಂಟರು ಬಂದರೆ ಊಟದ ಹೊತ್ತಿಗೆ ಒಂದು ಪಾಠ ನಡೆದೇ ನಡೆಯುತ್ತದೆ. ‘ಅಗೀಬೇಡಿ, ನುಂಗಿ.’ ನೆಂಟರು ತಲೆಯಾಡಿಸುತ್ತಾರೆ, ಬೆರಳಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾರೆ, ಬಸ್ಸಾರಿನಲ್ಲಿ ಹೊರಳಿಸುತ್ತಾರೆ, ಬಾಯಿಗಿಡುತ್ತಾರೆ. ಇಟ್ಟವರೇ ಅಗಿಯತೊಡಗುತ್ತಾರೆ. ಹಿಟ್ಟು ಹಲ್ಲಿಗೆ ಮೆತ್ತಿಕೊಂಡು ಮುಖ ಹುಳ್ಳಗಾಗುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಕೂತ ಅಜ್ಜಿ, ಬಾಯಲ್ಲಿ ಒಂದು ಹಲ್ಲೂ ಇಲ್ಲದವರು, ಅರ್ಧ ಮುದ್ದೆ ಮುಗಿಸಿ ಇನ್ನಷ್ಟು ಸಾರು ಬಿಡಿಸಿಕೊಳ್ಳುತ್ತಿರುತ್ತಾರೆ.

ನುಂಗಿ ಎನ್ನುವವರಿದ್ದಾರೆಯೇ ಹೊರತು ಹೇಗೆ ನುಂಗಬೇಕೆಂದು ಹೇಳಿಕೊಡುವವರಿಲ್ಲ. ಹೇಳಿಕೊಡಲು ಅಜ್ಜಿಗೂ ಬರುವುದಿಲ್ಲ. ಕೈಯ ಕೆಲಸವಾದರೆ ತೋರಿಸಬಹುದು, ಇದು ಕಣ್ಣಿಗೆ ಬೀಳದ ಕೆಲಸ. ದಿನಕ್ಕೆ ಸುಮಾರು 600 ಸಲ, ಊಟವಿಲ್ಲದ ಹೊತ್ತಿನಲ್ಲೂ ಬರೀ ಎಂಜಲನ್ನಾದರೂ ನಾವು ನುಂಗುತ್ತಲೇ ಇರುತ್ತೇವೆ. ಅಷ್ಟು ಸಲವೂ 25ಕ್ಕೂ ಹೆಚ್ಚು ಜೋಡಿ ಸ್ನಾಯುಗಳು ತಮ್ಮ ಸರದಿ ತಪ್ಪದೆ ದುಡಿಯುತ್ತವೆ. ಬೆರಳು, ತೋಳು, ಕಾಲಿನ ಸ್ನಾಯುಗಳ ಬಗ್ಗೆ ನಮಗೆ ಇರುವ ಹೆಮ್ಮೆಯಲ್ಲಿ ಕಾಲುಪಾಲೂ ಗಂಟಲಿನ ಸ್ನಾಯುಗಳಿಗೆ ದಕ್ಕಿಲ್ಲ. ನನ್ನ ಲೆಕ್ಕದಲ್ಲಿ ಮೈಯೊಳಗಿನ ಕಸುಬುದಾರರಲ್ಲಿ ಇವರದೇ ಮೇಲುಗೈ.

ಮೊದಲು ಈ ಕೆಲಸದ ಕಷ್ಟ ಎಲ್ಲಿದೆ ನೋಡೋಣ. ಮೂಗು ಮೇಲಿದೆ, ಬಾಯಿ ಅದರ ಕೆಳಗಿದೆ. ಗಾಳಿ ಹೋಗಬೇಕಾದ ಶ್ವಾಸನಾಳ ಕತ್ತಿನ ಮುಂಭಾಗದಲ್ಲಿದೆ, ಅನ್ನ ಹೋಗಬೇಕಾದ ಅನ್ನನಾಳ ಅದರ ಹಿಂದಿದೆ. ಅಂದರೆ ಮೇಲೆ ಹಿಂದಿನಿಂದ ಬಂದ ಗಾಳಿ ಕೆಳಗೆ ಮುಂದಕ್ಕೆ ಹೋಗಬೇಕು, ಮುಂದಿನಿಂದ ಬಂದ ತುತ್ತು ಹಿಂದಕ್ಕೆ ಹೋಗಬೇಕು. ಎರಡೂ ದಾರಿ ಗಂಟಲಿನಲ್ಲಿ ಒಂದನ್ನೊಂದು ಅಡ್ಡ ಹಾಯುತ್ತವೆ. ರೈಲುದಾರಿಯೂ ರಸ್ತೆಯೂ ಕೂಡುವ ಗೇಟಿನ ಹಾಗೆ ಇಲ್ಲಿ ಒಂದು ನಿಂತರೆ ಮಾತ್ರ ಇನ್ನೊಂದು ಸಾಗಬಹುದು. 1859ರಲ್ಲಿ ಬಂದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಡಾರ್ವಿನ್ ಕೂಡ ಇದನ್ನು ಕಂಡು ಅಚ್ಚರಿಪಟ್ಟಿದ್ದಾನೆ: ನಾವು ನುಂಗುವ ಪ್ರತಿಯೊಂದು ಕಣವೂ ಶ್ವಾಸನಾಳದ ಬಾಯಿಯನ್ನು ದಾಟಿಯೇ ಹೋಗಬೇಕು, ಒಳಗೆ ಬಿದ್ದೀತೆಂಬ ಅಪಾಯ ಇದ್ದೇ ಇದೆ. ಹೊಸದಾಗಿ ಯೋಜನೆ ಹಾಕಿ ಕಟ್ಟುವ ಯಾವ ಎಂಜಿನಿಯರೂ ಹೀಗೆ ಕಟ್ಟುತ್ತಿರಲಿಲ್ಲ. ಆದರೆ ಕಟ್ಟಿದ್ದಾಗಿದೆ; ಇನ್ನುಳಿದದ್ದು ಅಪಘಾತವಾಗದಂತೆ ನಡೆಸುವ ಜಾಣ್ಮೆ.

ಆ ಜಾಣ್ಮೆ ನಾಲಿಗೆಯಿಂದ ಶುರುವಾಗುತ್ತದೆ. ನಾಲಿಗೆಯಲ್ಲಿ ಎಂಟು ಜೋಡಿ ಸ್ನಾಯುಗಳಿವೆ. ನಾಲ್ಕು ಜೋಡಿ ನಾಲಿಗೆಯೊಳಗೇ ಹುಟ್ಟಿ ಅಲ್ಲೇ ಮುಗಿಯುತ್ತವೆ, ಅದರ ಆಕಾರ ಬದಲಿಸುವುದು ಅವುಗಳ ಕೆಲಸ. ಉಳಿದ ನಾಲ್ಕು ಜೋಡಿ ದವಡೆ, ಅಂಗುಳ, ತಲೆಬುರುಡೆಯ ತಳ, ಗಂಟಲಿನ ಪುಟ್ಟ ಮೂಳೆ ಇವುಗಳಿಂದ ಹೊರಟು ನಾಲಿಗೆಯನ್ನು ಬೇಕಾದ ಕಡೆಗೆ ಎಳೆಯುತ್ತವೆ. ರೊಟ್ಟಿಯನ್ನೋ ಅವಲಕ್ಕಿಯನ್ನೋ ತಿಂದಾಗ ಹಲ್ಲಿನ ಕೆಳಗೆ ಮತ್ತೆ ಮತ್ತೆ ದೂಡಿ, ಎಂಜಲು ಬೆರೆಸಿ, ಚೆದುರಿದ ಚೂರುಗಳನ್ನೆಲ್ಲ ಬಳಿದು ಒಂದು ಉಂಡೆ ಮಾಡುವುದು ನಾಲಿಗೆಯೇ. ಉಂಡೆ ಒದ್ದೆಯಾಗಿರಬೇಕು, ನುಣುಪಾಗಿರಬೇಕು, ದಾರಿಯಲ್ಲಿ ಒಡೆಯಬಾರದು. ಗಂಟಲಿಗೆ ಬೇಕಾದದ್ದು ಇಷ್ಟೇ. ಈಗ ಮುದ್ದೆಯ ಮರ್ಮ ಹೊಳೆದಿರಬೇಕು. ಎಸರಿನಲ್ಲಿ ಬೆಂದು, ಕೋಲಿನಲ್ಲಿ ಗಂಟಿಲ್ಲದಂತೆ ತೊಳಸಿಸಿಕೊಂಡು, ಕೈಯಲ್ಲಿ ಉಂಡೆಯಾಗಿ, ಸಾರಿನಲ್ಲಿ ಮಿಂದು ಬಂದ ಮುದ್ದೆಯ ತುತ್ತಿಗೆ ಬಾಯಲ್ಲಿ ಆಗಬೇಕಾದ ಕೆಲಸವೇನೂ ಉಳಿದಿಲ್ಲ. ಹಲ್ಲು, ನಾಲಿಗೆ, ಎಂಜಲು ಸೇರಿ ಮಾಡಬೇಕಾದದ್ದನ್ನು ಒಲೆಯ ಮುಂದೆ ಕೂತವರು ಆಗಲೇ ಮುಗಿಸಿದ್ದಾರೆ.

ನುಂಗುವ ಗಳಿಗೆಯಲ್ಲಿ ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ಒತ್ತಿ ನಿಲ್ಲುತ್ತದೆ. ಆಮೇಲೆ ಅದರ ಬೆನ್ನು ಮುಂದಿನಿಂದ ಹಿಂದಕ್ಕೆ ಕ್ರಮವಾಗಿ ಅಂಗುಳಕ್ಕೆ ಒತ್ತುತ್ತ ಹೋಗಿ ತುತ್ತನ್ನು ಗಂಟಲಿನತ್ತ ಸಾಗಿಸುತ್ತದೆ. ತುಟಿ ಮುಚ್ಚದೆ, ನಾಲಿಗೆಯನ್ನು ಎಲ್ಲಿಗೂ ತಾಗಿಸದೆ ಒಮ್ಮೆ ಎಂಜಲು ನುಂಗಿ ನೋಡಿ, ಎಷ್ಟು ತಿಣುಕಬೇಕಾಗುತ್ತದೆ ಎಂದು ಗೊತ್ತಾಗುತ್ತದೆ. ಇಲ್ಲಿಯವರೆಗೆ ಎಲ್ಲವೂ ನಮ್ಮ ಕೈಯಲ್ಲಿದೆ. ಬೇಡವೆನಿಸಿದರೆ ಉಗುಳಬಹುದು. ನಾಲಿಗೆಯ ಬುಡ ದಾಟಿ, ಬಾಯಿ ಗಂಟಲಿಗೆ ಕೂಡುವ ಕಮಾನುಗಳನ್ನು ತುತ್ತು ಮುಟ್ಟಿತೋ, ಅಲ್ಲಿಂದಾಚೆಗೆ ನಮ್ಮ ಮಾತು ನಡೆಯುವುದಿಲ್ಲ. ಏನೂ ಬಾಯಿಗೆ ಹಾಕಿಕೊಳ್ಳದೆ ಬಿಡದೆ ನಾಲ್ಕೈದು ಸಲ ನುಂಗಲು ಯತ್ನಿಸಿ. ಮೂರನೆಯದೋ ನಾಲ್ಕನೆಯದೋ ಹೊತ್ತಿಗೆ ಗಂಟಲು ಮುಷ್ಕರ ಹೂಡುತ್ತದೆ. ಎಂಜಲು ತೀರಿದೆ, ಕಮಾನು ಮುಟ್ಟಲು ಏನೂ ಇಲ್ಲ. ಏನೂ ಮುಟ್ಟದೆ ಗಂಟಲು ಕೆಲಸಕ್ಕೆ ಇಳಿಯಲೊಲ್ಲದು.

ಇಳಿದ ಮೇಲೆ ಮಾತ್ರ ಎಲ್ಲವೂ ಸುಮಾರು ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಆ ಒಂದು ಸೆಕೆಂಡನ್ನು ನಿಧಾನವಾಗಿ ಬಿಡಿಸಬೇಕು.

ಮೊದಲು ಮೂಗಿನ ದಾರಿ ಮುಚ್ಚುತ್ತದೆ. ಬಾಯಿ ಅಗಲಿಸಿ ಕನ್ನಡಿ ನೋಡಿದರೆ ಹಿಂದೆ ನೇತಾಡುವ ಕಿರುನಾಲಿಗೆ ಕಾಣುತ್ತದಲ್ಲ, ಅದಕ್ಕೆ ಆಧಾರವಾಗಿರುವುದು ಮೆದು ಅಂಗುಳ. ಅದನ್ನು ಎತ್ತುವ ಸ್ನಾಯುಗಳು ಅದನ್ನು ಮೇಲಕ್ಕೂ ಹಿಂದಕ್ಕೂ ಒಯ್ದು ಗಂಟಲಿನ ಹಿಂಗೋಡೆಗೆ ಒತ್ತಿ ಹಿಡಿಯುತ್ತವೆ. ಸೀಳು ಅಂಗುಳದ ಕೂಸಿಗೆ ಹಾಲು ಕುಡಿಸಿದರೆ ಮೂಗಿನಲ್ಲಿ ಬರುವುದು ಈ ಬಾಗಿಲು ಕೂಡದಿರುವುದರಿಂದ. ಮೆದು ಅಂಗುಳವನ್ನು ಬಿಗಿಯುವ ಇನ್ನೊಂದು ಸ್ನಾಯುವಿಗೆ ಎರಡನೆಯ ಉದ್ಯೋಗವೂ ಇದೆ: ನಡುಗಿವಿಯಿಂದ ಗಂಟಲಿಗೆ ಬರುವ ಕೊಳವೆಯ ಬಾಯನ್ನು ಅದು ಪ್ರತಿ ಗುಟುಕಿಗೂ ತೆರೆಯುತ್ತದೆ. ಶಿರಾಡಿ ಘಾಟಿ ಇಳಿಯುವಾಗಲೋ ವಿಮಾನ ಇಳಿಯುವಾಗಲೋ ಕಿವಿ ಕಟ್ಟಿಕೊಂಡರೆ ಒಂದು ಗುಟುಕು ನುಂಗಿ ಎನ್ನುವುದು ಅದಕ್ಕೇ.

ಮೂಗು ಮುಚ್ಚುತ್ತಿದ್ದಂತೆಯೇ ನನಗೆ ಅತಿ ಇಷ್ಟವಾದ ಘಟ್ಟ ಬರುತ್ತದೆ. ಎರಡು ಬೆರಳನ್ನು ಕತ್ತಿನ ಮುಂದಿನ ಗಂಟಿನ ಮೇಲೆ ಮೆಲ್ಲಗೆ ಇಟ್ಟು ಒಮ್ಮೆ ನುಂಗಿ. ಗಂಡಸರಲ್ಲಿ ಎದ್ದು ಕಾಣುತ್ತದೆ, ಹೆಂಗಸರಲ್ಲಿ ಹುಡುಕಿದರೆ ಸಿಗುತ್ತದೆ. ನುಂಗಿದ್ದು ಕೆಳಗೆ ಹೋಗುತ್ತದೆ, ಬೆರಳ ಕೆಳಗಿನ ಗಂಟು ಮಾತ್ರ ಮೇಲಕ್ಕೆ ಜಿಗಿಯುತ್ತದೆ. ನುಂಗುವುದೆಂದರೆ ತುತ್ತನ್ನು ಕೆಳಗೆ ತಳ್ಳುವುದು ಎಂದೇ ನಾವೆಲ್ಲ ತಿಳಿದಿದ್ದೇವೆ. ತಳ್ಳುವುದು ಇದ್ದೇ ಇದೆ, ಆದರೆ ಅದು ಅರ್ಧ ಕಥೆ. ಗಂಟಲೇ ಎದ್ದು ಬಂದು ತುತ್ತನ್ನು ಎದುರುಗೊಳ್ಳುತ್ತದೆ. ಇಡೀ ವಿದ್ಯೆಯ ಗುಟ್ಟು ಈ ಏಳುವಿಕೆಯಲ್ಲಿದೆ.

ಎತ್ತುವವರು ಯಾರು? ಗಲ್ಲದ ಕೆಳಗೆ, ಧ್ವನಿಪೆಟ್ಟಿಗೆಯ ಮೇಲೆ, ಕುದುರೆಲಾಳದ ಆಕಾರದ ಪುಟ್ಟ ಮೂಳೆಯೊಂದಿದೆ, ಹೆಸರು ಹೈಯಾಯ್ಡ್. ಮೈಯ ಬೇರೆ ಯಾವ ಮೂಳೆಯೊಡನೆಯೂ ಇದಕ್ಕೆ ಕೀಲಿಲ್ಲ. ಸ್ನಾಯು ಮತ್ತು ತಂತುಗಳಲ್ಲೇ ತೂಗಿಕೊಂಡಿದೆ. ಅದರ ಮೇಲಿನ ಸ್ನಾಯುಗಳಲ್ಲಿ ಕೆಲವು ದವಡೆಯ ಮುಂಭಾಗದಿಂದ ಬರುತ್ತವೆ, ಕೆಲವು ಕಿವಿಯ ಹಿಂಬದಿಯ ಬುರುಡೆಯಿಂದ. ಬಾಯಿಯ ನೆಲವಾಗಿ ಹಾಸಿಕೊಂಡಿರುವ ಮೈಲೋಹೈಯಾಯ್ಡ್, ಅದರ ಮೇಲಿನ ಜೀನಿಯೋಹೈಯಾಯ್ಡ್, ಎರಡು ಹೊಟ್ಟೆಯ ಡೈಗ್ಯಾಸ್ಟ್ರಿಕ್ ಇವೆಲ್ಲ ಈ ತಂಡದವು. ದವಡೆ ಕಚ್ಚಿ ನಿಂತಿರುವುದರಿಂದ ಇವು ಬಿಗಿದುಕೊಂಡಾಗ ಅಲುಗುವುದು ಹೈಯಾಯ್ಡ್. ಅದು ಮೇಲಕ್ಕೂ ಮುಂದಕ್ಕೂ ಏಳುತ್ತದೆ, ಥೈರೋಹೈಯಾಯ್ಡ್ ಎಂಬ ಮೋಟು ಸ್ನಾಯು ಧ್ವನಿಪೆಟ್ಟಿಗೆಯನ್ನೂ ಅದರ ಹಿಂದೆಯೇ ಎಳೆದು ತರುತ್ತದೆ. ಒಟ್ಟು ಏರಿಕೆ ಸುಮಾರು 2 ಸೆಂಟಿಮೀಟರ್. ಕೇಳಲು ಕಮ್ಮಿ ಎನಿಸಬಹುದು, ಆದರೆ ಈ 2 ಸೆಂಟಿಮೀಟರಿನಿಂದ ಎರಡು ದೊಡ್ಡ ಕೆಲಸ ಆಗುತ್ತದೆ. ಧ್ವನಿಪೆಟ್ಟಿಗೆ ನಾಲಿಗೆಯ ಬುಡದ ಕೆಳಗೆ ಅವಿತುಕೊಂಡು ತುತ್ತಿನ ದಾರಿಯಿಂದ ಪಾರಾಗುತ್ತದೆ; ಎರಡನೆಯದಾಗಿ ಅನ್ನನಾಳದ ಬಾಯಿ ತೆರೆಯುತ್ತದೆ. ಎರಡನೆಯದಕ್ಕೆ ಮತ್ತೆ ಬರುತ್ತೇನೆ.

ಅವಿತುಕೊಂಡರೆ ಸಾಲದು, ಬಾಗಿಲನ್ನೂ ಹಾಕಬೇಕು. ಒಂದಲ್ಲ, ಮೂರು ಹಂತದ ಬಾಗಿಲು. ಮಾತಿಗೆ ಬಳಸುವ ಧ್ವನಿತಂತುಗಳು ಒಂದಕ್ಕೊಂದು ಕೂಡುತ್ತವೆ. ಅವುಗಳ ಮೇಲಿನ ಇನ್ನೊಂದು ಜೊತೆ ಮಡಿಕೆಗಳೂ ಕೂಡುತ್ತವೆ. ಧ್ವನಿತಂತುಗಳ ಹಿಂತುದಿಯ ಪುಟ್ಟ ಮೃದ್ವಸ್ಥಿಗಳು ಮುಂದಕ್ಕೆ ವಾಲುತ್ತವೆ, ಎಲೆಯಾಕಾರದ ಎಪಿಗ್ಲಾಟಿಸ್ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಶಾಲೆಯ ಪಾಠಗಳಲ್ಲಿ ಎಲ್ಲ ಹೊಗಳಿಕೆಯೂ ಈ ಎಪಿಗ್ಲಾಟಿಸ್‌ಗೇ ಸಲ್ಲುತ್ತದೆ, ಅದೊಂದೇ ಮುಚ್ಚಳ ಎಂಬಂತೆ. ಅಷ್ಟು ಕೀರ್ತಿಗೆ ಅದು ಅರ್ಹವಲ್ಲ ಎಂಬುದು ನನ್ನ ಅಭಿಪ್ರಾಯ. ಧ್ವನಿಪೆಟ್ಟಿಗೆ ಮೇಲೇರುವಾಗಿನ ಎಳೆತಕ್ಕೂ ನಾಲಿಗೆಯ ಬುಡದ ಒತ್ತಡಕ್ಕೂ ಅದು ಮಗುಚಿಕೊಳ್ಳುವುದೇ ಹೆಚ್ಚು; ಕ್ಯಾನ್ಸರಿಗಾಗಿ ಎಪಿಗ್ಲಾಟಿಸ್ ತೆಗೆಸಿಕೊಂಡ ಎಷ್ಟೋ ಜನ ಅಭ್ಯಾಸದ ಮೇಲೆ ಚೆನ್ನಾಗಿಯೇ ನುಂಗುತ್ತಾರೆ. ನಿಜವಾದ ಕಾವಲುಗಾರರು ಕೆಳಗಿನ ಮಡಿಕೆಗಳು. ಈ ಹೊತ್ತಿನಲ್ಲಿ ಉಸಿರು ನಿಲ್ಲುತ್ತದೆ, ನಿಂತದ್ದು ಯಾರ ಗಮನಕ್ಕೂ ಬರುವುದಿಲ್ಲ. ತುತ್ತು ದಾಟಿದ ಮೇಲೆ ಸಾಮಾನ್ಯವಾಗಿ ಮೊದಲು ಹೊರಡುವುದು ಹೊರಉಸಿರು. ಹೊಸ್ತಿಲಲ್ಲಿ ಚೂರುಪಾರು ಉಳಿದಿದ್ದರೆ ಅದು ಒಳಕ್ಕೆ ಸೆಳೆದುಕೊಳ್ಳದೆ ಆಚೆ ಹೋಗಲಿ ಎಂಬ ಏರ್ಪಾಟು.

ಉಣ್ಣುತ್ತ ಜೋರಾಗಿ ನಕ್ಕಾಗ, ಮಾತಿಗೆ ಬಾಯಿ ಹಾಕಿದಾಗ ಬಾಗಿಲು ತೆರೆದುಬಿಡುತ್ತದೆ. ಅನ್ನದಗುಳೊಂದು ಧ್ವನಿಪೆಟ್ಟಿಗೆಯ ಅಂಚು ಮುಟ್ಟಿದರೂ ಸಾಕು, ಕೆಮ್ಮು ಉಕ್ಕುತ್ತದೆ. ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು ಎಂದು ಪಕ್ಕದವರು ತಲೆ ತಟ್ಟುತ್ತಾರೆ. ತಟ್ಟುವುದರಲ್ಲಿ ಪ್ರೀತಿ ಇದೆ, ಉಪಯೋಗ ಇಲ್ಲ. ಉಳಿಸುವುದು ಕೆಮ್ಮು, ಕೆಮ್ಮಲು ಬಿಡಬೇಕು.

ಈಗ ತುತ್ತನ್ನು ಹಿಂದಿನಿಂದ ಒತ್ತುವವರ ಸರದಿ. ಗಂಟಲಿನ ಗೋಡೆಯಲ್ಲಿ ಮೇಲು, ನಡು, ಕೆಳಗು ಎಂದು ಮೂರು ಜೋಡಿ ಕಾನ್‌ಸ್ಟ್ರಿಕ್ಟರ್ ಸ್ನಾಯುಗಳಿವೆ. ಎಡಬಲದಿಂದ ಸುತ್ತಿ ಬಂದು ಹಿಂದೆ ನಡುಗೆರೆಯಲ್ಲಿ ಕೂಡುತ್ತವೆ. ಮೇಲಿನದರ ಕೆಳ ಅಂಚು ನಡುವಿನದರ ಒಳಕ್ಕೆ, ನಡುವಿನದರ ಕೆಳ ಅಂಚು ಕೆಳಗಿನದರ ಒಳಕ್ಕೆ ಸೇರಿಕೊಂಡಿದೆ. ಹೀಗಾಗಿ ಮೇಲಿನಿಂದ ಜಾರುವ ತುತ್ತಿಗೆ ಅಂಚಿನಲ್ಲಿ ಸಿಕ್ಕಿಕೊಳ್ಳಲು ಸಂದಿಲ್ಲ. ಮೂರೂ ಮೇಲಿನಿಂದ ಕೆಳಕ್ಕೆ ಒಂದರ ಹಿಂದೆ ಒಂದು ಬಿಗಿದುಕೊಳ್ಳುತ್ತ, ತುತ್ತಿನ ಹಿಂದೆ ಒಂದಿಷ್ಟೂ ಜಾಗ ಉಳಿಯದಂತೆ ಗಂಟಲನ್ನು ಮುಚ್ಚುತ್ತ ಬರುತ್ತವೆ. ಇವುಗಳ ಜೊತೆಗೆ ಉದ್ದುದ್ದವಾಗಿ ಇಳಿಯುವ ಸ್ನಾಯುಗಳೂ ಇವೆ, ಅವು ಗಂಟಲನ್ನು ಮೇಲೆಳೆದು ಗಿಡ್ಡ ಮಾಡುತ್ತವೆ. ತುತ್ತು ಕ್ರಮಿಸಬೇಕಾದ ದೂರವೇ ಕಡಿಮೆಯಾಗುತ್ತದೆ.

ಕೊನೆಯ ಬಾಗಿಲು ಕ್ರೈಕೋಫ್ಯಾರಿಂಜಿಯಸ್. ಹೆಸರು ಉಚ್ಚರಿಸಲು ತೊಡಕು, ಕೆಲಸ ಇನ್ನೂ ತೊಡಕು. ಕೆಳಗಿನ ಕಾನ್‌ಸ್ಟ್ರಿಕ್ಟರಿನ ತಳಭಾಗ ಎನ್ನಬಹುದಾದ ಈ ಸ್ನಾಯು ಅನ್ನನಾಳದ ಬಾಯನ್ನು ಸುತ್ತಿ ಹಿಡಿದಿದೆ. ಉಳಿದ ಸ್ನಾಯುಗಳೆಲ್ಲ ಬಿಡುವಿನಲ್ಲಿ ಸಡಿಲವಾಗಿದ್ದು ಕೆಲಸದಲ್ಲಿ ಬಿಗಿಯುತ್ತವೆ; ಇದು ಯಾವಾಗಲೂ ಬಿಗಿದುಕೊಂಡಿದ್ದು ಕೆಲಸದ ಹೊತ್ತಿನಲ್ಲಿ ಮಾತ್ರ ಸಡಿಲವಾಗುತ್ತದೆ. ಇಲ್ಲದಿದ್ದರೆ ಪ್ರತಿ ಉಸಿರಿಗೂ ಹೊಟ್ಟೆಗೆ ಗಾಳಿ ತುಂಬಿಕೊಳ್ಳುತ್ತಿತ್ತು, ಮಲಗಿದಾಗ ಅನ್ನನಾಳಕ್ಕೆ ಉಕ್ಕಿ ಬಂದದ್ದು ಗಂಟಲಿಗೆ ಹರಿಯುತ್ತಿತ್ತು. ಮಿದುಳಿನಿಂದ ಸೂಚನೆ ಬಂದೊಡನೆ ಇದು ಕೈಬಿಡುತ್ತದೆ. ಆದರೆ ಬಿಗಿ ಬಿಟ್ಟ ಮಾತ್ರಕ್ಕೆ ಬಾಯಿ ತೆರೆಯುವುದಿಲ್ಲ. ಆಗ ನೆರವಿಗೆ ಬರುವುದು ಆ 2 ಸೆಂಟಿಮೀಟರ್ ಏರಿಕೆ. ಕ್ರೈಕೋಫ್ಯಾರಿಂಜಿಯಸ್‌ನ ಎರಡು ತುದಿಗಳೂ ಧ್ವನಿಪೆಟ್ಟಿಗೆಯ ತಳದ ಮೃದ್ವಸ್ಥಿಗೇ ಕಚ್ಚಿಕೊಂಡಿವೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಎದ್ದಾಗ ಅನ್ನನಾಳದ ಮುಂಗೋಡೆಯೂ ಅದರೊಡನೆ ಮುಂದಕ್ಕೆ ಸೆಳೆಯಲ್ಪಟ್ಟು ಬಾಯಿ ತೆರೆಯುತ್ತದೆ. ಶ್ವಾಸನಾಳವನ್ನು ಮುಚ್ಚಿ ಕಾಪಾಡುವ ಚಲನೆಯೇ ಅನ್ನನಾಳವನ್ನು ತೆರೆಯುವ ಚಲನೆಯೂ ಆಗಿದೆ. ಮುದ್ದೆಯ ದೊಡ್ಡ ತುತ್ತಾದರೆ ಬಾಯಿ ಇನ್ನಷ್ಟು ಅಗಲವಾಗಿ ತೆರೆದು ಇನ್ನಷ್ಟು ಹೊತ್ತು ತೆರೆದಿರುತ್ತದೆ. ತುತ್ತಿನ ಗಾತ್ರವನ್ನು ನಾಲಿಗೆ ಮೊದಲೇ ಅಳೆದು ವರದಿ ಕಳಿಸಿರುತ್ತದೆ.

ಅಲ್ಲಿಂದ ಮುಂದೆ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ. ಅಲೆ ಅಲೆಯಾಗಿ ಬಿಗಿದುಕೊಳ್ಳುತ್ತ ಎಂಟು ಹತ್ತು ಸೆಕೆಂಡಿನಲ್ಲಿ ಜಠರ ಮುಟ್ಟಿಸುತ್ತದೆ. ಇದಕ್ಕೆ ಭೂಮಿಯ ಸೆಳೆತದ ಹಂಗೂ ಇಲ್ಲ. ಬಾಹ್ಯಾಕಾಶದಲ್ಲಿ ನುಂಗಲು ಆದೀತೇ ಎಂಬ ಅನುಮಾನ ಒಂದು ಕಾಲಕ್ಕೆ ಇತ್ತು. 1962ರಲ್ಲಿ ಅಮೆರಿಕದ ಜಾನ್ ಗ್ಲೆನ್ ಭೂಮಿ ಸುತ್ತುತ್ತಲೇ ಕೊಳವೆಯಿಂದ ಸೇಬಿನ ಗೊಜ್ಜು ಹಿಂಡಿಕೊಂಡು ತೊಂದರೆಯಿಲ್ಲದೆ ನುಂಗಿದ.

ಒಂದು ಸೆಕೆಂಡಿನೊಳಗೆ ಇಷ್ಟು ಮಂದಿಯನ್ನು ಸರದಿಗೆ ನಿಲ್ಲಿಸುವ ಮೇಸ್ತ್ರಿ ಮಿದುಳಿನ ಕಾಂಡದ ತಳಭಾಗವಾದ ಮೆಡುಲ್ಲಾದಲ್ಲಿದ್ದಾನೆ. ಬಾಯಿ ಗಂಟಲಿನಿಂದ ಸುದ್ದಿ ಬಂದು ಸೇರುವ ನರಕೋಶಗಳ ಗುಂಪೊಂದು, ಆಜ್ಞೆ ಹೊರಡುವ ಗುಂಪು ಇನ್ನೊಂದು. ಆಜ್ಞೆ ಐದು ಜೋಡಿ ಮಿದುಳು ನರಗಳಲ್ಲಿ ಹಂಚಿಹೋಗುತ್ತದೆ: 5, 7, 9, 10 ಮತ್ತು 12ನೆಯವು. ಡೈಗ್ಯಾಸ್ಟ್ರಿಕ್ ಸ್ನಾಯುವಿನ ಮುಂಹೊಟ್ಟೆಗೆ ಒಂದು ನರ, ಹಿಂಹೊಟ್ಟೆಗೆ ಬೇರೊಂದು. ಗಂಟಲನ್ನು ಎತ್ತುವ ಸ್ಟೈಲೋಫ್ಯಾರಿಂಜಿಯಸ್ ಎಂಬ ಒಂದೇ ಒಂದು ಸ್ನಾಯುವಿಗಾಗಿ 9ನೆಯ ನರ ದುಡಿಯುತ್ತದೆ. ಇಷ್ಟೊಂದು ಇಲಾಖೆಗಳು ಯಾಕೆ ಎಂದರೆ ಉತ್ತರ ಹಳೆಯದು. ಮೀನಿನ ಭ್ರೂಣದಲ್ಲಿ ಕಿವಿರುಗಳಾಗುವ ಕಮಾನುಗಳು ನಮ್ಮ ಭ್ರೂಣದಲ್ಲೂ ಮೂಡುತ್ತವೆ, ಒಂದೊಂದು ಕಮಾನಿಗೂ ಒಂದೊಂದು ನರ. ದವಡೆ, ಹೈಯಾಯ್ಡ್, ಗಂಟಲು, ಧ್ವನಿಪೆಟ್ಟಿಗೆಯ ಸ್ನಾಯುಗಳಲ್ಲಿ ಹೆಚ್ಚಿನವು ಆ ಕಮಾನುಗಳಿಂದ ಬಂದವು. ನಾಲಿಗೆಯ ಸ್ನಾಯುಗಳದು ಬೇರೆ ಮೂಲ, ಹಾಗಾಗಿ ಅದಕ್ಕೆ 12ನೆಯದು.

ಕೆಲಸ ಕಲಿಯುವುದು ಗರ್ಭದಲ್ಲೇ. ಮೂರನೆಯ ತಿಂಗಳ ಸುಮಾರಿಗೆ ಭ್ರೂಣ ತನ್ನ ಸುತ್ತಲ ನೀರನ್ನು ನುಂಗತೊಡಗುತ್ತದೆ, ಹೆರಿಗೆ ಹತ್ತಿರವಾಗುವ ಹೊತ್ತಿಗೆ ದಿನಕ್ಕೆ ಅರ್ಧ ಲೀಟರಿಗೂ ಮೇಲೆ. ಗರ್ಭದ ನೀರು ಅತಿಯಾಗಿ ಹೆಚ್ಚಿದ್ದರೆ ಮಗುವಿಗೆ ನುಂಗಲು ಆಗುತ್ತಿಲ್ಲವೇ ಎಂದು ವೈದ್ಯರು ನೋಡುವುದುಂಟು. ಹುಟ್ಟಿದ ಕೂಸಿನ ಧ್ವನಿಪೆಟ್ಟಿಗೆ ಬಹಳ ಮೇಲಿರುತ್ತದೆ. ಚೀಪು, ನುಂಗು, ಉಸಿರಾಡು ಎಂಬ ಲಯ ಅದಕ್ಕೆ ಸುಲಭ. ಬೆಳೆಯುತ್ತ ಧ್ವನಿಪೆಟ್ಟಿಗೆ ಕೆಳಗಿಳಿಯುತ್ತದೆ, ಗಾಳಿಯೂ ತುತ್ತೂ ಹಂಚಿಕೊಳ್ಳುವ ದಾರಿ ಉದ್ದವಾಗುತ್ತದೆ.

ಒಳಗೆ ನಡೆಯುವುದನ್ನು ಮನುಷ್ಯ ಕಂಡದ್ದು ತಡವಾಗಿ. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಾಜಾಂಡಿ ಇದನ್ನು ಬಾಯಿ, ಗಂಟಲು, ಅನ್ನನಾಳ ಎಂದು ಮೂರು ಹಂತವಾಗಿ ವಿಂಗಡಿಸಿದ. 1895ರ ಕೊನೆಗೆ ಎಕ್ಸ್‌ರೇ ಬಂತು; ಮರುವರ್ಷವೇ ಹಾರ್ವರ್ಡಿನ ವೈದ್ಯವಿದ್ಯಾರ್ಥಿ ವಾಲ್ಟರ್ ಕ್ಯಾನನ್ ಹೆಬ್ಬಾತಿಗೆ ಬಿಸ್ಮತ್ ಬೆರೆಸಿದ ಆಹಾರ ತಿನ್ನಿಸಿ ಅದರ ನೀಳ ಕತ್ತಿನಲ್ಲಿ ತುತ್ತು ಇಳಿಯುವುದನ್ನು ಪರದೆಯ ಮೇಲೆ ಕಂಡ. ಈಗ ಬೇರಿಯಂ ಬೆರೆಸಿದ ತುತ್ತನ್ನು ಚಲಿಸುವ ಎಕ್ಸ್‌ರೇಯಲ್ಲಿ ನೋಡುತ್ತಾರೆ, ಇಲ್ಲವೇ ಮೂಗಿನಿಂದ ಸಣ್ಣ ಕ್ಯಾಮರಾ ಇಳಿಸುತ್ತಾರೆ.

ಈ ಕಸುಬಿನ ಬೆಲೆ ಗೊತ್ತಾಗುವುದು ಅದು ಕೆಟ್ಟಾಗ. ಹುಚ್ಚುನಾಯಿ ಕಡಿತದಿಂದ ರೇಬೀಸ್ ತಗುಲಿದವರು ನೀರು ಕುಡಿಯಹೊರಟರೆ ಗಂಟಲಿನ ಸ್ನಾಯುಗಳು ಸೆಟೆದು ಹಿಂಡುತ್ತವೆ, ಕೊನೆಗೆ ನೀರು ಕಂಡರೇ ನಡುಗುತ್ತಾರೆ. ಪಾರ್ಶ್ವವಾಯು ಬಡಿದವರಲ್ಲಿ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನುಂಗುವುದು ಕಷ್ಟವಾಗುತ್ತದೆ. ವಯಸ್ಸಾದಂತೆ ಸ್ನಾಯುಗಳೂ ನಿಧಾನವಾಗುತ್ತವೆ. ಅಂಥವರಿಗೆ ಎಲ್ಲಕ್ಕಿಂತ ಅಪಾಯದ ಪದಾರ್ಥ ಮುದ್ದೆಯೇ ಇರಬೇಕು ಎಂದು ತೋರುತ್ತದೆ, ಆದರೆ ಎಷ್ಟೋ ವೇಳೆ ಅದು ಬರೀ ನೀರು. ನೀರು ಬೇಗ ಹರಿಯುತ್ತದೆ, ನಾಲಿಗೆಯ ಹಿಡಿತಕ್ಕೆ ಸಿಗುವುದಿಲ್ಲ, ಬಾಗಿಲು ಮುಚ್ಚುವ ಮೊದಲೇ ಹೊಸ್ತಿಲು ದಾಟುತ್ತದೆ. ಅದಕ್ಕೇ ಕೆಲವರಿಗೆ ಗಟ್ಟಿ ಗಂಜಿ ಕೊಡಿಸುತ್ತಾರೆ. ಕೆಲವರಿಗೆ ಗಲ್ಲ ತಗ್ಗಿಸಿ ನುಂಗಲು ಹೇಳಿಕೊಡುತ್ತಾರೆ. ಮೇಲೆದ್ದ ಧ್ವನಿಪೆಟ್ಟಿಗೆಯನ್ನು ಒಂದೆರಡು ಗಳಿಗೆ ಅಲ್ಲೇ ಹಿಡಿದಿಡುವ ವ್ಯಾಯಾಮವೂ ಇದೆ. ಯಾರಿಗೆ ಯಾವುದು ಎಂಬುದನ್ನು ಪರೀಕ್ಷಿಸಿಯೇ ಹೇಳಬೇಕು. ಮಾತಿನ ಚಿಕಿತ್ಸಕರೇ ನುಂಗುವಿಕೆಯ ಚಿಕಿತ್ಸಕರೂ ಹೌದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಅಂಥ ಚಿಕಿತ್ಸಕರನ್ನು ತಯಾರು ಮಾಡುತ್ತ ಬಂದಿದೆ.

ಮನೆಯಲ್ಲಿ ಯಾರಾದರೂ ನೀರು ಕುಡಿದಾಗಲೆಲ್ಲ ಕೆಮ್ಮುತ್ತಿದ್ದರೆ, ಉಂಡ ಮೇಲೆ ಅವರ ದನಿ ಗೊರಗೊರ ಎನ್ನುತ್ತಿದ್ದರೆ, ತುತ್ತು ಕೆಳಗಿಳಿಯದೆ ನಿಲ್ಲುತ್ತಿದ್ದರೆ ವಯಸ್ಸಾಯಿತು ಎಂದು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ. ಮಲಗಿದವರಿಗೆ ಮಲಗಿದಂತೆಯೇ ಉಣಿಸಬೇಡಿ, ಎಬ್ಬಿಸಿ ಕೂರಿಸಿ. ತಲೆ ಸುತ್ತಿ ಬಿದ್ದವರು, ಮೂರ್ಛೆರೋಗ ಬಂದವರು ಕಣ್ಣು ತೆರೆಯಲೆಂದು ಬಾಯಿಗೆ ನೀರು ಬಿಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಎಚ್ಚರವಿಲ್ಲದವರ ಗಂಟಲು ಎದ್ದು ಬರುತ್ತದೆಂಬ ಭರವಸೆಯಿಲ್ಲ. ಹಾಕಿದ ನೀರು ನೇರ ಶ್ವಾಸಕೋಶಕ್ಕೆ ಹೋಗಬಹುದು. ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಪೂರ್ತಿ ಎಚ್ಚರವಾಗುವ ತನಕ ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕಬೇಡಿ.